ಲಂಡನ್ನಿನ ಸಮನ್ಸು, ತಿಪ್ಪಕ್ಕನ ಆಡು

ಆ ದಿನ ನಮ್ಮ ಬೀದಿಗೆ ನೀರು ಬಿಡುವ ದಿನ. ಹಿಂದೂಪುರದಲ್ಲಿ ನೀರು ಬಿಡುವ ದಿನ ಮನೆಯಲ್ಲಿ ಬೇರೆ ಕೆಲಸ ನಡೆಯುವುದಿಲ್ಲ. ನನ್ನ ಹೆಂಡತಿ ಜಯಮ್ಮ ಬೆಳಗ್ಗೆ ಐದಕ್ಕೇ ಎದ್ದು ಬಿಂದಿಗೆ, ಬಕೆಟ್ಟು, ಕೊನೆಗೆ ಇಡ್ಲಿ ಪಾತ್ರೆಯನ್ನೂ ನಲ್ಲಿಯ ಮುಂದೆ ಸಾಲಾಗಿ ಇಟ್ಟಿದ್ದಳು. ನಾನು ಪೇಪರು ಹಿಡಿದು ಜಗಲಿಯ ಮೇಲೆ ಕೂತಿದ್ದೆ. ಎರಡು ಸಲ ಕರೆದಳು. ಎರಡು ಸಲವೂ ಬಂದೆ ಬಂದೆ ಎಂದೆ. ಮೂರನೆಯ ಸಲ ಕರೆಯಲಿಲ್ಲ. ತಾನೇ ಬಿಂದಿಗೆ ಎತ್ತಿಕೊಂಡು ಒಳಗೆ ಹೋಗುತ್ತಾ, "ಕೋರ್ಟಿನೋರಿಗೆ ಒಂದು ಬಿಂದಿಗೆ ನೀರು ಎತ್ತಾಕೂ ವಾಯಿದೆ ಬೇಕು" ಎಂದಳು. ಎದುರು ಮನೆಯವರು ನಕ್ಕರು. ನಾನೂ ನಕ್ಕೆ. ಎದ್ದು ಮಾತ್ರ ಹೋಗಲಿಲ್ಲ.

ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು. ಸಂಜೆ ಜಗಲಿಯಲ್ಲಿ ಕೂತು ಕಡ್ಲೆಕಾಯಿ ಸುಲಿದಳು. ನಾನು ಸುಲಿದದ್ದನ್ನು ತಿನ್ನುತ್ತಾ ಕೂತೆ. ಅಷ್ಟೇ ನಡೆದದ್ದು ಆ ದಿನ. ಮಾರನೆಯ ಬೆಳಗ್ಗೆ ಅವಳು ಏಳಲಿಲ್ಲ. ಡಾಕ್ಟರು ಬಂದು ನೋಡಿ, ನಿದ್ದೆಯಲ್ಲೇ ಹೋಗಿದ್ದಾರೆ ಎಂದರು. ಅವಳು ತುಂಬಿಸಿಟ್ಟ ನೀರು ಅವಳ ಕೊನೆಯ ಸ್ನಾನಕ್ಕೇ ಆಯಿತು.

ವರ್ಷವಾಗುತ್ತಾ ಬಂತು. ಕೋರ್ಟಿಗೆ ಹೊಸದಾಗಿ ಸೇರಿದ ಕೆಲವರು ಮನೆಗೆ ಬಂದು, ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು ಎಂದು ಬರೆದುಕೊಡಿ ಎಂದರು. ಸುಮ್ಮನೆ ಕೂತರೆ ಹೊತ್ತು ಹೋಗುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಕನ್ನಡ ಮಾಧ್ಯಮ. ಕಾನೂನು ನನಗೆ ಗೊತ್ತಿರುವುದು ಕೇಸಿನ ಪಾರ್ಟಿಯ ಮನೆಯ ಹೊಸ್ತಿಲವರೆಗೆ ಮಾತ್ರ. ಒಳಗಿನದನ್ನು ವಕೀಲರ ಹತ್ತಿರ ಕೇಳಿಕೊಳ್ಳಿ.

ನಾನು ಸೇರಿದ್ದು ಪ್ರೋಸೆಸ್ ಸರ್ವರ್ ಆಗಿ, ಅಂದರೆ ಕೋರ್ಟಿನ ಕಾಗದಗಳನ್ನು ಪಾರ್ಟಿಗಳಿಗೆ ಮುಟ್ಟಿಸುವವನು. ಕೋರ್ಟಿನ ತೀರ್ಪನ್ನು, ಅಂದರೆ ಡಿಕ್ರಿಯನ್ನು, ಜಾರಿ ಮಾಡುವ ಅಮೀನನಾದದ್ದು ಎಷ್ಟೋ ವರ್ಷದ ಮೇಲೆ. ಆದರೆ ಹಳ್ಳಿಗಳಲ್ಲಿ ಕೋರ್ಟಿನಿಂದ ಯಾರೇ ಸೈಕಲ್ಲು ಹತ್ತಿ ಬಂದರೂ ಅವರು ಅಮೀನಪ್ಪನೇ. ಹಾಗಾಗಿ ನನಗೆ ಬಡ್ತಿ ಸಿಕ್ಕಿದ್ದು ಸರ್ಕಾರಕ್ಕೆ ಮಾತ್ರ ಗೊತ್ತಾಯಿತು.

ಕೆಲಸ ಹೇಳುವುದಕ್ಕೆ ಸುಲಭ. ಪಾರ್ಟಿ ಸಿಕ್ಕರೆ ಕೈಗೆ ಕೊಟ್ಟು ಸಹಿ ಪಡೆಯಬೇಕು. ಮನೆಗೆ ಬೀಗವಿದ್ದು ಆಳು ಸಿಗದಿದ್ದರೆ ಹೊರಬಾಗಿಲಿಗೆ ಒಂದು ಪ್ರತಿ ಅಂಟಿಸಿ, ಇಬ್ಬರ ಸಾಕ್ಷಿ ಸಹಿ ಹಾಕಿಸಿ, ಉಳಿದ ಪ್ರತಿಯ ಹಿಂಬದಿಯಲ್ಲಿ ವರದಿ ಬರೆಯಬೇಕು. ಇಷ್ಟೇ. ಆದರೆ ಊರಿನ ಮೊದಲ ಮನೆಯ ನಾಯಿ ಬೊಗಳುವಷ್ಟರಲ್ಲಿ ಕೊನೆಯ ಮನೆಯವನು ಹೊಲದ ದಾರಿ ಹಿಡಿದಿರುತ್ತಿದ್ದ. ಒಬ್ಬ ಮಹಾರಾಯ ನನ್ನೆದುರಿಗೇ ನಿಂತು, ನೀವು ಕೇಳುವ ಮನುಷ್ಯ ಸತ್ತು ಮೂರು ತಿಂಗಳಾಯಿತು ಎಂದು ತನ್ನ ವಿಷಯವನ್ನೇ ಹೇಳಿದ. ಪಕ್ಕದಲ್ಲಿದ್ದ ಅವನ ಹೆಂಡತಿ ಅಳುವುದಕ್ಕೆಂದು ಸೆರಗು ಬಾಯಿಗೆ ತಂದವಳು, ನಗು ತಡೆಯಲಾರದೆ ಒಳಗೆ ಓಡಿದಳು.

ನಮ್ಮ ಹಿಂದೂಪುರ ಆಂಧ್ರದ ಗಡಿ ಸೀಮೆಯಾದ್ದರಿಂದ ಕರ್ನಾಟಕದ ಕೋರ್ಟುಗಳ ಡಿಕ್ರಿಗಳೂ ಜಾರಿಗೆಂದು ನಮ್ಮಲ್ಲಿಗೆ ಬರುತ್ತಿದ್ದವು. ಕೊಡಿಕೊಂಡದ ಹತ್ತಿರ ಅಣ್ಣತಮ್ಮಂದಿರ ಜಗಳವೊಂದರಲ್ಲಿ ಎಮ್ಮೆಯನ್ನು ತಮ್ಮನಿಗೆ ಒಪ್ಪಿಸಬೇಕೆಂದು ಗಡಿಯಾಚೆಯ ಕೋರ್ಟು ತೀರ್ಪು ಕೊಟ್ಟಿತ್ತು. ಎಮ್ಮೆ ಇದ್ದದ್ದು ಅಣ್ಣನ ಹತ್ತಿರ. ಅಣ್ಣನ ಮನೆ ಆಂಧ್ರದಲ್ಲಿ. ಅವನ ಹಿತ್ತಲ ಹುಣಿಸೆಮರ ಕರ್ನಾಟಕದಲ್ಲಿ. ನಡುವೆ ಒಂದು ಗಡಿಕಲ್ಲು. ಅಮೀನರ ಜೊತೆ ನಾನು ಹೋಗುವಷ್ಟರಲ್ಲಿ ಅವನು ಎಮ್ಮೆಯನ್ನು ಕಲ್ಲಿನ ಆಚೆಗೆ ಕಟ್ಟಿ, ಪಕ್ಕದಲ್ಲಿ ಬೀಡಿ ಹಚ್ಚಿ ಕೂತಿದ್ದ.

"ಈ ಮರದ ಕೆಳಗೆ ನಿಮ್ ಕೋರ್ಟು ಬರಾಕಿಲ್ಲ ಕಣಪ್ಪ. ಬೇಕಾದ್ರೆ ನೀವು ಬಂದು ನೆಳ್ಳಾಗೆ ಕುಂತ್ಕಳಿ" ಎಂದ.

ನಾವು ಆಂಧ್ರದ ಬಿಸಿಲಿನಲ್ಲಿ ಕೂತೆವು. ಅವನು ಕರ್ನಾಟಕದ ನೆರಳಿನಲ್ಲಿ ಕೂತ. ಸಂಜೆ ಹಾಲು ಕರೆಯುವ ಹೊತ್ತಿಗೆ ಅವನ ಹೆಂಡತಿ ದಿನದಂತೆ ಚೆಂಬು ಹಿಡಿದು ಹಿತ್ತಲ ಬಾಗಿಲಿಗೆ ಬಂದು ಎಮ್ಮೆಯನ್ನು ಕೂಗಿದಳು. ಎಮ್ಮೆ ಗೂಟವನ್ನೇ ಕಿತ್ತುಕೊಂಡು ರಾಜ್ಯ ದಾಟಿ ಬಂದು ಅವಳ ಮುಂದೆ ನಿಂತಿತು. ಹಾಲು ಕರೆದು ಮುಗಿಯುವವರೆಗೆ ಕಾದು ಹಿಡಿದುಕೊಂಡೆವು. ಅಣ್ಣ ಹೆಂಡತಿಯನ್ನು ಬೈಯಲಿಲ್ಲ. ಎಮ್ಮೆಯನ್ನು ಬೈದ.

ಇದು ರಾಜ್ಯದ ಗಡಿಯ ಮಾತು. ದೇಶದ ಗಡಿ ದಾಟಿದ ಕಾಗದ ನನ್ನ ಕೈಗೆ ಬಂದದ್ದು ಸರ್ವೀಸಿನಲ್ಲಿ ಒಂದೇ ಒಂದು.

ಅದು ಎಪ್ಪತ್ತರ ದಶಕ. ಇಂಗ್ಲೆಂಡಿನ ಒಂದು ಕೋರ್ಟಿನಿಂದ ದೆಹಲಿಗೆ, ಅಲ್ಲಿಂದ ಹೈದರಾಬಾದಿಗೆ, ಅಲ್ಲಿಂದ ಅನಂತಪುರಕ್ಕೆ, ಅಲ್ಲಿಂದ ನಮಗೆ ಬಂದಿತ್ತು. ದಾರಿಯಲ್ಲಿ ಸಿಕ್ಕ ಪ್ರತಿ ಆಫೀಸೂ ಒಂದೊಂದು ಮೊಹರು ಹೊಡೆದು, ತೆಲುಗು ತರ್ಜುಮೆಯನ್ನೂ ಜೋಡಿಸಿ ಕಳಿಸಿತ್ತು. ಕಾಗದ ಎಷ್ಟು ದಪ್ಪವಾಗಿ, ನುಣುಪಾಗಿ ಇತ್ತೆಂದರೆ ಆಫೀಸಿನವರೆಲ್ಲ ಒಬ್ಬೊಬ್ಬರಾಗಿ ಬಂದು ಮುಟ್ಟಿ ನೋಡಿದರು. ನಮ್ಮ ಸಿರಸ್ತೇದಾರರು, ಅಂದರೆ ಆಫೀಸಿನ ಗುಮಾಸ್ತರಿಗೆಲ್ಲ ಹಿರಿಯರು, ಅದನ್ನು ಮುಂದಿಟ್ಟುಕೊಂಡು ರಿಜಿಸ್ಟರು ತೆರೆದು ಬಹಳ ಹೊತ್ತು ಕೂತರು. ರಿಜಿಸ್ಟರಿನಲ್ಲಿ ಇದ್ದದ್ದು ಮೂರು ಕಾಲಂ. ನಮ್ಮ ತಾಲ್ಲೂಕು, ಇತರೆ ತಾಲ್ಲೂಕು, ಇತರೆ ಜಿಲ್ಲೆ. "ಏಮಯ್ಯಾ, ಈ ಲಂಡನ್ ಏ ತಾಲೂಕಯ್ಯಾ?" ಎಂದು ತೆಲುಗಿನಲ್ಲಿ ನನ್ನನ್ನೇ ಕೇಳಿದರು, ಲಂಡನ್ ಯಾವ ತಾಲ್ಲೂಕೆಂದು. ಕೊನೆಗೆ ಅವರು ಇತರೆ ಜಿಲ್ಲೆಯ ಕಾಲಂನಲ್ಲಿ ಕಡಪದ ಕೆಳಗೆ ಲಂಡನ್ನನ್ನು ಬರೆದರು.

ಹಿಂದೂಪುರದ ನೇಕಾರರ ಬೀದಿಯ ಹುಡುಗನೊಬ್ಬ ಇಂಗ್ಲೆಂಡಿಗೆ ಹೋಗಿ ಅಲ್ಲೇ ನಿಂತುಬಿಟ್ಟಿದ್ದ. ಹೋಗುವ ಮುಂಚೆ ಅವನಿಗೆ ಮದುವೆ ಮಾಡಿದ್ದರು. ಹನ್ನೊಂದು ದಿನ ಸಂಸಾರ ಮಾಡಿ ಹೋದವನು ಆರು ವರ್ಷವಾದರೂ ಬಂದಿರಲಿಲ್ಲ. ಈಗ ಅಲ್ಲಿನ ಕೋರ್ಟಿನಲ್ಲಿ ವಿಚ್ಛೇದನಕ್ಕೆ ಹಾಕಿದ್ದ. ಇಂಥ ದಿನ ಹಾಜರಾಗಬೇಕೆಂದು ಇಲ್ಲಿದ್ದ ಹೆಂಡತಿಗೆ ಬಂದ ಸಮನ್ಸು ಅದು. ಮೇಲಿದ್ದ ಹೆಸರು ಜಯಮ್ಮ. ಮುಂದೆ ನನ್ನ ಹೆಂಡತಿಯಾದವಳು. ಆಗ ನನಗೆ ಅದು ಬರೀ ಒಂದು ವಿಳಾಸ.

ಜಯಮ್ಮನಿಗೆ ತಂದೆತಾಯಿ ಇರಲಿಲ್ಲ. ಸಾಕಿದವರು ಸೋದರಮಾವ ಹನುಮಂತರಾಯಪ್ಪ. ನಾನು ಹೋದಾಗ ಅವರ ಮುಂಬಾಗಿಲಿಗೆ ಬೀಗ ಇತ್ತು. ಎರಡು ಸಲ ಕೂಗಿದೆ. ಯಾರೂ ಓಗೊಡಲಿಲ್ಲ. ಅಂಟಿಸುವುದೆಂದು ತೀರ್ಮಾನಿಸಿದೆ.

ಇಲ್ಲಿ ನಮ್ಮ ಕಾಲದ ಒಂದು ಪದ್ಧತಿ ಹೇಳಬೇಕು. ಕೋರ್ಟಿನಿಂದ ಗೋಂದು ಕೊಡುತ್ತಿದ್ದದ್ದು ಮೂರು ತಿಂಗಳಿಗೊಂದು ಸಣ್ಣ ಸೀಸೆ. ಅದನ್ನು ಸಿರಸ್ತೇದಾರರು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು, ಒಳಗೇ ಒಣಗಿಹೋಗುತ್ತಿತ್ತು. ನೇಕಾರರ ಬೀದಿಯಲ್ಲಿ ನಮಗೆ ಅದರ ಚಿಂತೆ ಇರಲಿಲ್ಲ. ಬೆಳಗ್ಗೆ ಅಲ್ಲಿ ನೂಲಿನ ಹಾಸನ್ನು ಬೀದಿಯುದ್ದಕ್ಕೆ ಬಿಗಿದು ಕಟ್ಟಿ ಗಂಜಿ ಹಚ್ಚುತ್ತಿರುತ್ತಾರೆ. ಆ ಬಾನಿಗೆ ಕೈ ಹಾಕಿ ಒಂದಿಷ್ಟು ಗಂಜಿ ತೆಗೆದು ಕಾಗದಕ್ಕೆ ಬಳಿದರೆ ಬಾಗಿಲು ಮುರಿದರೂ ಕಾಗದ ಬರುತ್ತಿರಲಿಲ್ಲ. ನನಗಿಂತ ಹಿಂದಿನವರೂ ಹಾಗೇ ಮಾಡಿದ್ದರು. ಸಾಮಾನ್ಯ ಸಮನ್ಸಿಗೆ ನಾಲ್ಕು ಮೂಲೆಗೆ ನಾಲ್ಕು ಬೊಟ್ಟು ಸಾಕು. ಇದು ಪರದೇಶದ ಕಾಗದ; ಮರ್ಯಾದೆ ಕಡಿಮೆಯಾಗಬಾರದೆಂದು ನಾನು ಬೆನ್ನಿಗೆಲ್ಲ ಬಳಿದೆ. ಆ ಗಂಜಿಗೆ ಎಣ್ಣೆ ಬೇರೆ ಸೇರಿಸಿರುತ್ತಾರೆ. ಎತ್ತರಕ್ಕಾದರೂ ಅಂಟಿಸಿದೆನೇ? ಬಂದವರು ಬಗ್ಗದೆ ಓದಲಿ ಎಂದು ಎದೆಮಟ್ಟಕ್ಕೆ ಅಂಟಿಸಿದೆ.

ಸಾಕ್ಷಿ ಸಹಿಗೆ ಬೀದಿ ಮೂಲೆಯ ಟೀ ಅಂಗಡಿಗೆ ಹೋದೆ. ಇಬ್ಬರು ಸಹಿ ಹಾಕಿದರು. ಒಂದು ಟೀ ಕುಡಿದೆ. ಸೈಕಲ್ಲು ಜಯಮ್ಮನ ಮನೆಯ ಮುಂದೆಯೇ ಬಿಟ್ಟಿದ್ದೆ. ತರಲು ವಾಪಸು ಬಂದೆ. ಪಕ್ಕದ ಮನೆಯ ತಿಪ್ಪಕ್ಕನ ಆಡು ಮುಂಗಾಲೆರಡನ್ನೂ ಬಾಗಿಲ ಮೇಲಿಟ್ಟು ನಿಂತಿತ್ತು. ಅದರ ಬಾಯಲ್ಲಿ ಮೊಹರಿದ್ದ ಮೂಲೆ ಒಂದು ಉಳಿದಿತ್ತು. ನಾನು ಓಡಿ ಹೋಗುವಷ್ಟರಲ್ಲಿ ಅದೂ ಒಳಗೆ ಹೋಯಿತು.

ಅಂಟಿಸಲು ಬೇರೆ ಪ್ರತಿ ಇರಲಿಲ್ಲ. ಆಫೀಸಿಗೆ ಬಂದು ಸಿರಸ್ತೇದಾರರಿಗೆ ಮಾತ್ರ ನಡೆದದ್ದು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅಂಟಿಸಿದ್ದು ನಿಜವೇ ಎಂದು ಕೇಳಿದರು. ನಿಜ ಎಂದೆ. ಸಾಕ್ಷಿಗಳ ಸಹಿ ಇದೆಯೇ ಎಂದರು. ಇದೆ ಎಂದೆ. "ಹಾಗಾದರೆ ಅಂಟಿಸಿದೆ ಅಂತ ಬರಿ. ಆಡಿಗೆ ಫಾರಂನಲ್ಲಿ ಕಾಲಂ ಇಲ್ಲ" ಎಂದರು. ಬರೆದೆ. ವರದಿ ಅನಂತಪುರ, ಹೈದರಾಬಾದು, ದೆಹಲಿ ದಾಟಿ ಇಂಗ್ಲೆಂಡಿಗೆ ಹೋಯಿತು. ಅಲ್ಲಿನ ಜಡ್ಜಿ ಅದನ್ನು ನಂಬಿ, ಹೆಂಡತಿಗೆ ತಿಳಿಸಿದರೂ ಬರಲಿಲ್ಲವೆಂದು ವಿಚ್ಛೇದನ ಕೊಟ್ಟುಬಿಟ್ಟರು.

ಅಷ್ಟರಲ್ಲಿ ನನಗೆ ಕಲ್ಯಾಣದುರ್ಗಕ್ಕೆ ವರ್ಗವಾಯಿತು. ಅಲ್ಲಿ ಸೈಕಲ್ಲು ನಡೆಯುವುದಿಲ್ಲ. ಹಳ್ಳಿ ದೂರ, ಬಿಸಿಲು ಜಾಸ್ತಿ. ಬಾಡಿಗೆ ಜೀಪಿನಲ್ಲಿ ಹದಿನೈದು ಜನರ ನಡುವೆ ಕೂತು ಹೋಗಬೇಕು. ಒಮ್ಮೆ ನನ್ನ ತೊಡೆಯ ಮೇಲೆ ಅರ್ಧ ಕೂತಿದ್ದ ಮನುಷ್ಯ ದಾರಿಯುದ್ದಕ್ಕೂ ಕಷ್ಟ ಹೇಳಿಕೊಂಡ. ಕೋರ್ಟಿನವನು ಸಮನ್ಸು ತರುತ್ತಾನೆಂದು ಸುದ್ದಿ ಬಂದು ನಾಲ್ಕು ದಿನ ನೆಂಟರ ಮನೆಯಲ್ಲಿದ್ದೆ, ಈಗ ಅವನು ಬಂದು ಹೋಗಿರುತ್ತಾನೆ, ಊರಿಗೆ ಹೊರಟಿದ್ದೇನೆ ಎಂದ. ಯಾವೂರು, ಹೆಸರೇನು ಎಂದೆ. ಹೇಳಿದ. ಚೀಲದಿಂದ ಕಾಗದ ತೆಗೆದು ಕೈಗೆ ಕೊಟ್ಟೆ. ಅವನು ಓದಿ, ನನ್ನ ಮುಖ ನೋಡಿ, "ಮೊದ್ಲೇ ಹೇಳಾಕಿಲ್ವಾ? ಡೀಸೆಂಟಾಗಿ ಕುಂತ್ಕಂತಿದ್ದೆ" ಎಂದು ತೊಡೆಯಿಂದ ಇಳಿದ. ಡ್ರೈವರು ಸ್ಟೇರಿಂಗಿನ ಮೇಲೆಯೇ ಕಾಗದ ಇಟ್ಟು ಸಾಕ್ಷಿ ಸಹಿ ಹಾಕಿದ.

ಕಲ್ಯಾಣದುರ್ಗದಲ್ಲಿ ಎರಡು ವರ್ಷ ಕಳೆದ ಮೇಲೆ ನನಗೇ ಒಂದು ಸಮನ್ಸು ಬಂತು. ಹಿಂದೂಪುರದ ಕೋರ್ಟಿಗೆ ಬಂದು ಸಾಕ್ಷಿ ಹೇಳಬೇಕು. ವಾದಿ ಜಯಮ್ಮ.

ಆಗಿದ್ದೇನೆಂದರೆ, ಇಂಗ್ಲೆಂಡಿನ ವಿಚ್ಛೇದನದ ಪ್ರತಿ ಹನುಮಂತರಾಯಪ್ಪನವರ ಕೈಗೆ ಬಂದಿತ್ತು. ಅವರಿಗೆ ಕೋರ್ಟೆಂದರೆ ಬೇಸರವಿರಲಿಲ್ಲ. ಬದುವಿನ ಕೇಸು, ಗೋಡೆಯ ಕೇಸು, ಬಚ್ಚಲ ನೀರಿನ ಕೇಸು, ಹೀಗೆ ಯಾವಾಗಲೂ ಎರಡು ಮೂರು ನಡೆಯುತ್ತಲೇ ಇದ್ದವು. ಸೋದರ ಸೊಸೆಯ ಮದುವೆಯನ್ನು ಸಮುದ್ರದಾಚೆಯ ಕೋರ್ಟು ಮುರಿಯುವುದೆಂದರೇನು ಎಂದು, ಆ ತೀರ್ಪು ಇಲ್ಲಿ ನಡೆಯುವುದಿಲ್ಲವೆಂದು ಘೋಷಿಸಬೇಕೆಂದು ಅವಳ ಹೆಸರಿನಲ್ಲೇ ದಾವಾ ಹಾಕಿಸಿದರು. ತೋರಿಸಿದ ಕಡೆಯೆಲ್ಲ ಅವಳು ಸಹಿ ಹಾಕಿದಳು. ಹುಡುಗ ವಕೀಲರನ್ನು ಇಟ್ಟಿದ್ದ, ತಾನು ಬರಲಿಲ್ಲ. ಅವನು ಅಲ್ಲಿ ಇನ್ನೊಂದು ಮದುವೆಯನ್ನೂ ಮಾಡಿಕೊಂಡಿದ್ದ.

ಹೊರದೇಶದ ತೀರ್ಪನ್ನು ನಮ್ಮ ಕೋರ್ಟು ಸಾಮಾನ್ಯವಾಗಿ ಒಪ್ಪುತ್ತದೆ. ಆದರೆ ಎದುರು ಪಾರ್ಟಿಗೆ ತಿಳಿಸದೆ, ಅವರ ಮಾತು ಹೇಳಲು ಅವಕಾಶ ಕೊಡದೆ ಬರೆದ ತೀರ್ಪಾದರೆ ತಳ್ಳಿಹಾಕುತ್ತದೆ. ಹಾಗಾಗಿ ಇಡೀ ಕೇಸು ಒಂದೇ ಪ್ರಶ್ನೆಯ ಮೇಲೆ ನಿಂತಿತ್ತು. ಆ ಸಮನ್ಸು ಜಯಮ್ಮನಿಗೆ ಮುಟ್ಟಿತ್ತೇ? ಮುಟ್ಟಿದ್ದರೆ ಮದುವೆ ಮುಗಿಯಿತು. ಮುಟ್ಟದಿದ್ದರೆ ಅವಳು ಇನ್ನೂ ಅವನ ಹೆಂಡತಿ.

ಸಾಕ್ಷಿಯ ದಿನ ನಾನು ಕಲ್ಯಾಣದುರ್ಗದಿಂದ ಮೊದಲ ಬಸ್ಸಿಗೆ ಬಂದು ಕೋರ್ಟಿನ ವರಾಂಡದಲ್ಲಿ ಕೂತಿದ್ದೆ. ಹನುಮಂತರಾಯಪ್ಪನವರು ವಕೀಲರ ಜೊತೆ ಟೀಗೆ ಹೋಗಿದ್ದರು. ಜಯಮ್ಮ ಕಂಬದ ಪಕ್ಕಕ್ಕೆ ಬಂದು ನಿಂತಳು. ಅವಳನ್ನು ನಾನು ಕಣ್ಣಾರೆ ನೋಡಿದ್ದು ಅವತ್ತೇ ಮೊದಲು.

"ನೀವೇ ಅಲ್ವಾ ಆ ಕಾಗ್ದ ಅಂಟಿಸಿದ್ದು? ಇವತ್ತು ಏನ್ ಹೇಳ್ತೀರಿ?"

"ನಡೆದಿದ್ದು ಹೇಳ್ತೀನಿ ತಾಯಿ."

"ಅಂಟಿಸಿದ್ದು ಹೇಳ್ತೀರೋ, ಆಡು ತಿಂದಿದ್ದೂ ಹೇಳ್ತೀರೋ?"

ಆಡಿನ ವಿಷಯ ನಿಮಗೆ ಹೇಗೆ ಗೊತ್ತು ಎಂದೆ.

"ಬೀದಿಗೆಲ್ಲಾ ಗೊತ್ತೈತೆ. ತಿಪ್ಪಕ್ಕ ಆ ಆಡಿಗೆ ಲಂಡನ್ ಲಕ್ಷ್ಮಿ ಅಂತ ಹೆಸರಿಕ್ಕವಳೆ" ಎಂದಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು. "ನೋಡಿ, ಈ ಕೇಸು ನಾನು ಗೆದ್ರೆ ಸಾಯೋ ಗಂಟ ಅವ್ನ ಹೆಂಡ್ತಿಯಾಗೇ ಇರಬೇಕಾಯ್ತದೆ. ನಂಗೆ ಸೋಲ್ಬೇಕು."

ಹಾಗಾದರೆ ಕೇಸು ವಾಪಸು ತೆಗೆದುಕೊಳ್ಳಬಾರದೇ ಎಂದೆ. ಸಾಕಿದ ಮಾವನಿಗೆ ಎದುರು ನಿಂತು ಹೇಳಲು ಬಾಯಿ ಬರುವುದಿಲ್ಲ ಎಂದಳು. ಅಲ್ಲದೆ ವಾಪಸು ತೆಗೆದರೆ ಊರಿನಲ್ಲಿ ಅರ್ಧ ಜನ ಮದುವೆ ಮುಗಿಯಿತು ಎನ್ನುತ್ತಾರೆ, ಅರ್ಧ ಜನ ಇಲ್ಲ ಎನ್ನುತ್ತಾರೆ. ಇಲ್ಲಿನ ಕೋರ್ಟೇ ಬಾಯಿಬಿಟ್ಟು ಮುಗಿಯಿತು ಎಂದರೆ ಮಾತ್ರ ನಾನು ಬದುಕು ನೋಡಿಕೊಳ್ಳಬಹುದು ಎಂದಳು. ಅವಳು ನನಗೆ ಸುಳ್ಳು ಹೇಳಿ ಎಂದು ಕೇಳಲಿಲ್ಲ. ಕೇಳಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಅವಳ ಕಷ್ಟವೆಂದರೆ ಅವಳ ವಕೀಲರು ಬಹಳ ಚೆನ್ನಾಗಿ ವಾದಿಸುತ್ತಿದ್ದರು. ಶೇಷಗಿರಿರಾಯರು ಎಂದು ಹೆಸರು. ಪರದೇಶದ ತೀರ್ಪಿನ ಕೇಸು ತಾಲ್ಲೂಕಿನಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಹೊಸ ಕೋಟು ಹೊಲಿಸಿದ್ದರು. ಪ್ರತಿ ವಾಯಿದೆಯಲ್ಲೂ ಒಂದೊಂದು ಹೆಜ್ಜೆ ಗೆಲ್ಲುತ್ತಿದ್ದರು. ಗೆದ್ದಾಗಲೆಲ್ಲ ಹಿಂದಕ್ಕೆ ತಿರುಗಿ ಜಯಮ್ಮನ ಕಡೆ ನೋಡಿ ನಗುತ್ತಿದ್ದರಂತೆ. ಅವಳು ಮುಖ ಇಳಿಬಿಟ್ಟರೆ, ಪಾಪ, ಸಂತೋಷಕ್ಕೆ ಕಣ್ಣೀರು ಬಂದಿದೆ ಎಂದುಕೊಳ್ಳುತ್ತಿದ್ದರಂತೆ.

ನಾನು ಕಟಕಟೆ ಹತ್ತಿದೆ. ಹುಡುಗನ ಕಡೆಯ ವಕೀಲರು ವರದಿ ತೋರಿಸಿ, ಇದು ನಿಮ್ಮದೇ ತಾನೇ ಎಂದರು. ಹೌದು, ಅಂಟಿಸಿದೆ ಎಂದೆ. ಆಮೇಲೆ ಶೇಷಗಿರಿರಾಯರು ಎದ್ದರು. ಅವರಿಗೂ ತಿಪ್ಪಕ್ಕ ಹೇಳಿಬಿಟ್ಟಿದ್ದಳು. ಕಾಗದ ಬಾಗಿಲ ಮೇಲೆ ಎಷ್ಟು ಹೊತ್ತು ಇತ್ತು ಎಂದು ಕೇಳಿದರು. ಒಂದು ಟೀ ಕುಡಿಯುವಷ್ಟು ಹೊತ್ತು ಎಂದೆ. ಆಮೇಲೆ ಅದು ಎಲ್ಲಿ ಹೋಯಿತು ಎಂದರು. ಪ್ರಮಾಣ ಮಾಡಿದ್ದೇನೆ, ಆಡಿನ ಹೊಟ್ಟೆಗೆ ಹೋಯಿತು ಎಂದು ಹೇಳಿದೆ.

ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ಜಡ್ಜಿಯವರು ಅನಂತಪುರದ ಕಡೆಯವರು, ಕನ್ನಡವೂ ಬರುತ್ತಿತ್ತು. ಅವರು ನಗದೆ, ಕುಟುಂಬದ ವಯಸ್ಕ ಸದಸ್ಯರಿಗೆ ಕೊಟ್ಟರೂ ನಡೆಯುತ್ತದೆ, ಆ ಆಡು ವಾದಿಯ ಮನೆಯದೇ ಎಂದು ಕೇಳಿದರು. ಪಕ್ಕದ ಮನೆಯದು ಸ್ವಾಮಿ ಎಂದೆ. ಹಾಗಾದರೆ ಪ್ರಯೋಜನವಿಲ್ಲ ಎಂದು ಬರೆದುಕೊಂಡರು. ಶೇಷಗಿರಿರಾಯರು ಕೋಟಿನ ಗುಂಡಿ ಸರಿ ಮಾಡಿಕೊಂಡರು. ಜಯಮ್ಮ ನೆಲ ನೋಡುತ್ತಿದ್ದಳು. ನಾನು ಕಟಕಟೆ ಇಳಿದೆ. ನಿಜ ಹೇಳಿ ಒಬ್ಬ ಹೆಣ್ಣುಮಗಳ ಬದುಕಿಗೆ ಬೀಗ ಹಾಕಿದೆ ಎನಿಸಿತು.

ಮಧ್ಯಾಹ್ನದ ಊಟದ ಮೇಲೆ ಅವಳ ಸಾಕ್ಷಿ. ಶೇಷಗಿರಿರಾಯರಿಗೆ ಬೇಕಾದದ್ದು ಒಂದೇ ಮಾತು. ಆ ಕಾಗದವನ್ನು ನೀನು ನೋಡಲೇ ಇಲ್ಲ ಅಲ್ಲವೇನಮ್ಮ ಎಂದು ಕೇಳಿದರು.

"ನೋಡ್ದೆ ಸ್ವಾಮಿ" ಎಂದಳು ಜಯಮ್ಮ. "ಓದ್ದೆ. ಓದಿ, ಅರ್ಧ ಕಿತ್ತು ಆಡಿನ ಬಾಯಿಗೆ ಕೊಟ್ಟೆ. ಮಿಕ್ಕಿದ್ದು ಅದೇ ಕಿತ್ಕಂತು."

ಹನುಮಂತರಾಯಪ್ಪನವರು ಬೆಂಚಿನಿಂದ ಎದ್ದು, "ಏನಮ್ಮಣ್ಣೀ ನೀನು ಹೇಳೋದು?" ಎಂದರು. ಜವಾನ ಅವರ ಭುಜ ಹಿಡಿದು ಕೂರಿಸಿದ. ಜಡ್ಜಿಯವರು ಪೆನ್ನು ಕೆಳಗಿಟ್ಟು, ಬಾಗಿಲಿಗೆ ಬೀಗ ಇತ್ತೆಂದು ವರದಿಯಲ್ಲಿದೆಯಲ್ಲಮ್ಮ ಎಂದು ಕೇಳಿದರು. ಮುಂಬಾಗಿಲಿಗೆ ಬೀಗ ಹಾಕಿದ್ದು ನಿಜ,‌ ನಾನು ಹಿತ್ತಲಲ್ಲಿದ್ದೆ, ಕೂಗು ಕೇಳಿ ಸುತ್ತು ಹಾಕಿಕೊಂಡು ಬರುವಷ್ಟರಲ್ಲಿ ಅವರು ಅಂಟಿಸಿ ಹೋಗಿದ್ದರು ಎಂದಳು. ಆಡಿಗೆ ಏಕೆ ಕೊಟ್ಟೆ ಎಂದರು.

"ನಮ್ ಮಾವ ನೋಡ್ಬುಟ್ರೆ ಸೀದಾ ವಕೀಲರ ಮನೆಗೆ ಓಡ್ತಾರೆ ಅಂತ ಸ್ವಾಮಿ. ಈಗ ಹಂಗೇ ಆಯ್ತಲ್ಲ."

ಅದರಲ್ಲಿ ಏನು ಬರೆದಿತ್ತು, ಹೇಳಬಲ್ಲೆಯಾ ಎಂದು ಜಡ್ಜಿಯವರು ಕೇಳಿದರು. ಇಂಥ ದಿನ ಬರಬೇಕು, ಬಾರದಿದ್ದರೆ ನಿನ್ನ ಗೈರುಹಾಜರಿಯಲ್ಲೇ ತೀರ್ಮಾನ ಮಾಡುತ್ತೇವೆ ಎಂದಿತ್ತು ಎಂದಳು. ಮತ್ತೆ ಏಕೆ ಹೋಗಲಿಲ್ಲ, ಅಲ್ಲಿಗೆ ಒಂದು ಕಾಗದವಾದರೂ ಬರೆಯಬಹುದಿತ್ತಲ್ಲ ಎಂದರು.

"ಹನ್ನೊಂದು ದಿನದ ಸಂಸಾರ ಸ್ವಾಮಿ. ಬ್ಯಾಡ ಅನ್ನೋನ್ನ ಹಿಡ್ಕಂಡು ನಾನೇನ್ ಮಾಡ್ಲಿ? ಆ ಕೋರ್ಟು ಬರೆದಿದ್ದು ನಂಗೆ ಒಪ್ಪಿಗೆ ಐತೆ. ನೀವೂ ಒಪ್ಪಿಗೆ ಅಂತ ಬರೀರಿ."

ಜಡ್ಜಿಯವರು ಕೆಳಗಿಟ್ಟಿದ್ದ ಪೆನ್ನು ಎತ್ತಿಕೊಂಡರು. ಆಮೇಲೆ ಬರೆದುಕೊಳ್ಳಲು ಶುರುಮಾಡಿದರು. ಹತ್ತು ದಿನಕ್ಕೆ ತೀರ್ಪು ಬಂತು. ವಾದಿಗೆ ಸಮನ್ಸಿನ ವಿಷಯ ತಿಳಿದಿತ್ತು, ತಿಳಿದೂ ಎದುರಿಸಲಿಲ್ಲ, ಈಗಲೂ ಒಪ್ಪುತ್ತಾಳೆ. ಆದ್ದರಿಂದ ಆ ತೀರ್ಪು ಇಲ್ಲಿಯೂ ನಡೆಯುತ್ತದೆ, ದಾವಾ ವಜಾ. ಕೇಸು ಸೋತು ಜಯಮ್ಮ ಕೋರ್ಟಿನ ಮೆಟ್ಟಿಲ ಮೇಲೆ ಎಲ್ಲರಿಗೂ ಕಲ್ಲುಸಕ್ಕರೆ ಹಂಚಿದಳು. ಶೇಷಗಿರಿರಾಯರಿಗೂ ಕೊಟ್ಟಳಂತೆ. ಅವರು ಬಾಯಿಗೆ ಹಾಕಿಕೊಂಡು, ನನ್ನ ಪ್ರಾಕ್ಟೀಸಿನಲ್ಲಿ ಇಷ್ಟು ಚೆನ್ನಾಗಿ ವಾದಿಸಿ ಯಾವತ್ತೂ ಸೋತಿರಲಿಲ್ಲ ಎಂದರಂತೆ. ಹನುಮಂತರಾಯಪ್ಪನವರು ಮಾತ್ರ ಮೂರು ತಿಂಗಳು ತಿಪ್ಪಕ್ಕನ ಮನೆಯವರ ಜೊತೆ ಮಾತು ಬಿಟ್ಟರು.

ಅದಾಗಿ ಒಂದೂವರೆ ವರ್ಷದ ಮೇಲೆ ಅವರೇ ಕಲ್ಯಾಣದುರ್ಗದ ನನ್ನ ರೂಮಿಗೆ ಬಂದರು. ಗೋರಂಟ್ಲದ ಸಂತೆಯಲ್ಲಿ ಕೊಂಡ ಬಾಳೆಗೊನೆ ತಂದಿದ್ದರು. ಬಹಳ ಹೊತ್ತು ಮಳೆ, ಬೆಳೆ ಮಾತಾಡಿ, "ನೀನು ಅಂಟಿಸಿದ ಕಾಗ್ದಾನೇ ನನ್ ಕೇಸು ಕೆಡಿಸ್ತು. ಇನ್ನು ಆ ಹುಡ್ಗೀನ ನೀನೇ ನೋಡ್ಕಳಪ್ಪ" ಎಂದರು. ನಾನು ಟೀ ತರುತ್ತೇನೆಂದು ಹೊರಗೆ ಹೋದೆ. ಹೆಣ್ಣು ನೋಡುವ ಶಾಸ್ತ್ರಕ್ಕೆ ಹೋದಾಗ ಜಯಮ್ಮ ಕಾಫಿ ತಂದುಕೊಟ್ಟು, ಈ ಸಲ ಕೈಗೇ ಕೊಟ್ಟಿದ್ದೇನೆ, ಸಾಕ್ಷಿ ಬೇಕೇ ಎಂದು ಕೇಳಿದಳು. ರಿಜಿಸ್ಟ್ರಾರ್ ಆಫೀಸಿನಲ್ಲಿ ಹಿಂದಿನ ಮದುವೆ ಮುಗಿದ ದಾಖಲೆ ಕೇಳಿದರು. ಇಂಗ್ಲೆಂಡಿನದೊಂದು, ಹಿಂದೂಪುರದ್ದೊಂದು, ಎರಡು ತೀರ್ಪು ಕೊಟ್ಟೆವು. ಗುಮಾಸ್ತ ಎರಡನ್ನೂ ತಿರುಗಿಸಿ ನೋಡಿ, ಮೇಲಿನ ಅಧಿಕಾರಿಯನ್ನು ಕೇಳಿ ಬರುತ್ತೇನೆಂದು ಹೋದವನು ಮೂರು ಗಂಟೆ ಬರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಕೆಲಸದ ರೀತಿ ಬದಲಾಯಿತು. ಹರಾಜು ಸಾರಲು ತಮಟೆಯ ಬದಲು ಆಟೋದ ಮೈಕು ಬಂತು. ಕಾರ್ಬನ್ ಹಾಳೆಯ ಬದಲು ಜೆರಾಕ್ಸು ಬಂತು; ಈಗ ಆಡು ಒಂದು ತಿಂದರೆ ಇನ್ನೊಂದು ಅಂಟಿಸಬಹುದು. ಗೋಂದಿನ ಬದಲು ಟೇಪು ಬಂತು. ಹೊಸಬರಿಗೆ ನಾನು ಹೇಳುವುದಿಷ್ಟೇ. ಎತ್ತರಕ್ಕೆ ಅಂಟಿಸಿ. ಅಂಟಿಸಿದ ಮೇಲೆ ತಕ್ಷಣ ಟೀಗೆ ಹೋಗಬೇಡಿ. ಹಿತ್ತಲ ಕಡೆಗೂ ಹೋಗಿ ಒಂದು ಸಲ ಕೂಗಿ ನೋಡಿ. ಕಟಕಟೆಯಲ್ಲಿ ನಡೆದದ್ದನ್ನೇ ಹೇಳಿ.

ಒಂದು ವಿಷಯ ಬರೆಯದೆ ಬಿಟ್ಟರೆ ಸರಿಯಾಗುವುದಿಲ್ಲ. ನಾನು ಟೀ ಕುಡಿದದ್ದು ಹೆಚ್ಚೆಂದರೆ ಐದು ನಿಮಿಷ. ಅಷ್ಟರಲ್ಲಿ ಹಿತ್ತಲಿನಿಂದ ಸುತ್ತಿ ಬಂದು, ತರ್ಜುಮೆಯನ್ನೆಲ್ಲ ಓದಿ, ಆಡಿಗೆ ಕೊಟ್ಟು, ಮತ್ತೆ ಹಿತ್ತಲಿಗೆ ಹೋಗಲು ಆಗುತ್ತದೆಯೇ? ಆಗಬಹುದು. ಅವಳು ಚುರುಕು. ಆದರೆ ನಾನು ಬಂದಾಗ ಆ ಬಾಗಿಲ ಮುಂದೆ ಆಡಿನ ಹೊರತು ಯಾರೂ ಇರಲಿಲ್ಲ. ಬಾರದಿದ್ದರೆ ಗೈರುಹಾಜರಿಯಲ್ಲಿ ತೀರ್ಮಾನ ಎಂಬ ಮಾತೂ ಎಲ್ಲ ಸಮನ್ಸಿನಲ್ಲೂ ಇರುತ್ತದೆ. ಹನುಮಂತರಾಯಪ್ಪನವರ ಮನೆಯಲ್ಲಿ ಬೆಳೆದವಳಿಗೆ ಅದನ್ನು ಓದಿಯೇ ತಿಳಿಯಬೇಕಾಗಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಕೇಳಲು ಹೆದರಿದೆ. ಸುಳ್ಳು ಎಂದುಬಿಟ್ಟರೆ ಕೋರ್ಟಿನ ಮನುಷ್ಯನಾಗಿ ನಾನೇನು ಮಾಡಬೇಕು? ಆಮೇಲೆ ಸಂಸಾರದ ನಡುವೆ ಮರೆತೆ. ನಿವೃತ್ತಿಯಾದ ಮೇಲೆ ಹೆದರಿಕೆ ಹೋಗಿತ್ತು; ಯಾವಾಗಲಾದರೂ ಕೇಳಿದರಾಯಿತು ಎಂದುಕೊಂಡೆ. ಹೊತ್ತು ಬೇಕಾದಷ್ಟಿತ್ತು.

ಆ ಕಾಗದವನ್ನು ಅವಳು ಓದಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿದ್ದವಳು ಅವಳೊಬ್ಬಳೇ. ಅವಳು ಇಲ್ಲ.